ಹಳೆ ದೋಣಿಗೆ ಯಾವ ಇಂಜಿನ್? ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳ ಕೊನೆ ಬಂತು ಅಂದ್ರೆ ನಮ್ಮ ಶೆಡ್ಡಿನ ಮುಂದೆ ಇಂಜಿನ್‌ಗಳ ಸಾಲು. ಗಂಗೊಳ್ಳಿಯ ದೊಡ್ಡ ಬೋಟುಗಳು ದಕ್ಕೆಗೆ ಬಂದು ಕಟ್ಟಿಕೊಳ್ಳುವ ಹೊತ್ತದು. ನಾಡದೋಣಿಯವರಿಗೆ ಮಾತ್ರ ಆಗಲೇ ಕೆಲಸ ಶುರು. ಹೆಗಲ ಮೇಲೆ ಇಂಜಿನ್ ಹೊತ್ತು ತಂದು ಕೆಳಗಿಳಿಸಿ, "ಇದು ಇನ್ನು ಸಾಕು ಮಾರಾಯ್ರೆ, ಬೇರೆ ಯಾವುದು ಹಾಕಲಿ?" ಅಂತ ಕೇಳುತ್ತಾರೆ. ಹೇಳಿದ್ದನ್ನೇ ಹೇಳಿ ನನಗೂ ಸಾಕಾಗಿದೆ, ಅದಕ್ಕೆ ಒಂದು ಕಡೆ ಬರೆದಿಡುತ್ತಿದ್ದೇನೆ.

ಇಲ್ಲಿ ಹೇಳುವುದು ಹೆಚ್ಚಾಗಿ 18ರಿಂದ 28 ಅಡಿಯ ಫೈಬರ್ ದೋಣಿಗಳ ವಿಷಯ, ಹಿಂದೆ ಇಂಜಿನ್ (ಔಟ್‌ಬೋರ್ಡ್) ತೂಗುಹಾಕುವಂಥವು. ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಿಸುವವರಿಗೂ ಬಹಳಷ್ಟು ಹೊಂದುತ್ತದೆ.

ಇಂಜಿನ್ ಬದಲಾಯಿಸಲೇಬೇಕಾ? ರಿಪೇರಿ ಆಗಲ್ವಾ?

"ಸತ್ತೇ ಹೋಯ್ತು" ಅಂತ ತಂದ ಎಷ್ಟೋ ಇಂಜಿನ್‌ಗಳಲ್ಲಿ ಸತ್ತಿರುವುದು ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಮಾತ್ರ. ಇಲ್ಲದಿದ್ದರೆ ನೀರೆತ್ತುವ ಪಂಪಿನ ರಬ್ಬರ್ ಇಂಪೆಲ್ಲರ್. ಅದರ ರೆಕ್ಕೆ ಗಟ್ಟಿಯಾಗಿ ಮಡಚಿಕೊಂಡರೆ ನೀರು ಮೇಲೆ ಹೋಗುವುದಿಲ್ಲ, ಇಂಜಿನ್ ಕಾಯುತ್ತದೆ, ಎಳೆಯುವುದಿಲ್ಲ. ಸಣ್ಣ ಖರ್ಚಿನ ಕೆಲಸ.

ಹಾಗಾಗಿ ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ನೋಡಿಸಿ. ಎರಡು ಸಿಲಿಂಡರ್ ಇದ್ದರೆ ಎರಡರ ಅಳತೆಯೂ ಹತ್ತಿರ ಹತ್ತಿರ ಇರಬೇಕು. 15 ಶೇಕಡಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ರಿಂಗ್, ಪಿಸ್ಟನ್ ಅಥವಾ ಬೋರ್ (ಸಿಲಿಂಡರಿನ ಒಳಮೈ) ಹೋಗಿದೆ ಅಂತ. ಆಮೇಲೆ ಬ್ಲಾಕಿನ ನೀರಿನ ದಾರಿ. ಉಪ್ಪು ತಿಂದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತಿದ್ದರೆ ಅದಕ್ಕೆ ದುಡ್ಡು ಹಾಕಬೇಡಿ. ಬೋರ್ ಮಾಡಿಸಬಹುದು, ಸವೆದು ಹೋದ ಬ್ಲಾಕನ್ನು ಬೆಳೆಸಲು ಆಗುವುದಿಲ್ಲ.

ನನ್ನ ಲೆಕ್ಕ ಇಷ್ಟೇ: ರಿಪೇರಿ ಖರ್ಚು ಹೊಸ ಇಂಜಿನಿನ ಮೂರನೇ ಒಂದು ಭಾಗ ದಾಟಿದರೆ ಬದಲಾಯಿಸಿ. ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯಬೇಕಾದ ಇಂಜಿನ್ ಆದರೆ ಅದಕ್ಕೂ ಮುಂಚೆಯೇ ಬದಲಾಯಿಸಿ.

ಸರಿ, ಯಾವ ಕಂಪನಿಯ ಇಂಜಿನ್ ಒಳ್ಳೆಯದು?

ಯಮಹಾ, ಸುಜುಕಿ, ಹೋಂಡಾ, ಮರ್ಕ್ಯುರಿ, ಟೊಹಾತ್ಸು, ಎಲ್ಲವೂ ಕೆಲಸ ಮಾಡುತ್ತವೆ. ಆದರೆ ಈ ಪ್ರಶ್ನೆಗೆ ಮೊದಲು ಇನ್ನೊಂದು ಇದೆ. ಅದನ್ನು ಯಾರೂ ಕೇಳುವುದಿಲ್ಲ: ಇಂಜಿನ್ ನೇತು ಹಾಕುವ ಹಲಗೆ ಗಟ್ಟಿ ಇದೆಯಾ?

ಹಿಂಬದಿಯ ಆ ಹಲಗೆಗೆ ಟ್ರಾನ್ಸಮ್ ಅನ್ನುತ್ತಾರೆ. ಹೊರಗೆ ಫೈಬರ್, ಒಳಗೆ ಸಾಮಾನ್ಯವಾಗಿ ಪ್ಲೈವುಡ್. ಹಳೆ ಇಂಜಿನಿನ ಬೋಲ್ಟ್ ತೂತುಗಳಿಂದ ವರ್ಷಾನುಗಟ್ಟಲೆ ನೀರು ಇಳಿದಿರುತ್ತದೆ. ಹೊರಗಿಂದ ಬಣ್ಣ ಹೊಡೆದು ಚೆಂದ ಕಾಣುತ್ತದೆ, ಒಳಗೆ ಪ್ಲೈವುಡ್ ಕೊಳೆತು ನೆನೆಸಿದ ರಸ್ಕಿನ ಹಾಗೆ ಆಗಿರುತ್ತದೆ.

ಪರೀಕ್ಷೆ ಮಾಡುವುದು ಹೀಗೆ. ಇಂಜಿನ್ ಬಿಚ್ಚಿಡಿ. ಸಣ್ಣ ಸುತ್ತಿಗೆಯ ಹಿಡಿಯಿಂದ ಹಲಗೆಯ ಉದ್ದಕ್ಕೂ, ನಾಲ್ಕು ಬೆರಳಿಗೊಂದು ಸಲ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ "ಟಕ್" ಅನ್ನುತ್ತದೆ. ಕೊಳೆತ ಕಡೆ "ಡಬ್". ಒಂದು ಸಲ ಕೇಳಿದರೆ ಮರೆಯುವುದಿಲ್ಲ, ತೆಂಗಿನಕಾಯಿ ತಟ್ಟಿ ನೋಡುವವರಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ಆಮೇಲೆ ಬೋಲ್ಟ್ ತೂತಿನೊಳಗೆ ಸ್ಕ್ರೂಡ್ರೈವರ್ ತುದಿ ಹಾಕಿ ಕೆರೆಯಿರಿ. ಒಣ ಮರದ ಪುಡಿ ಬಂದರೆ ಚಿಂತೆ ಇಲ್ಲ. ಕಪ್ಪಗೆ ಒದ್ದೆ ನಾರು ಬಂದರೆ ಇಂಜಿನಿನ ಮಾತು ಅಲ್ಲಿಗೇ ನಿಲ್ಲಿಸಿ, ಫೈಬರ್ ಕೆಲಸದವರನ್ನು ಕರೆಸಿ.

ಲಕ್ಷಗಟ್ಟಲೆ ಕೊಟ್ಟು ತಂದ ಇಂಜಿನ್ ಹಲಗೆ ಸಮೇತ ನೀರಿಗೆ ಹೋದರೆ ಯಾವ ಕಂಪನಿಯದ್ದಾದರೇನು? ಹಲಗೆ ಸರಿ ಇದೆ ಅಂತಾದ ಮೇಲೆ ಕಂಪನಿ ಆರಿಸುವುದು ಸುಲಭ. ನಿಮ್ಮ ದಕ್ಕೆಯಿಂದ ಒಂದು ಗಂಟೆ ದಾರಿಯೊಳಗೆ ಯಾವುದಕ್ಕೆ ಬಿಡಿಭಾಗವೂ ಮೆಕ್ಯಾನಿಕ್ಕೂ ಸಿಗುತ್ತದೋ ಅದು.

ಎಷ್ಟು ಎಚ್‌ಪಿ ಬೇಕು? ಜಾಸ್ತಿ ಹಾಕಿದರೆ ಜಾಸ್ತಿ ಓಡುತ್ತದೆ ಅಲ್ವಾ?

ಅಲ್ಲ. ಇದೊಂದನ್ನು ಸ್ವಲ್ಪ ನಿಧಾನವಾಗಿ ಓದಿ.

ದೋಣಿ ನೀರಿನಲ್ಲಿ ಎರಡು ಥರ ಓಡುತ್ತದೆ. ಒಂದು, ನೀರನ್ನು ಸೀಳಿಕೊಂಡು. ಇನ್ನೊಂದು, ನೀರಿನ ಮೇಲೆ ಎದ್ದು ಜಾರಿಕೊಂಡು. ಸೀಳಿಕೊಂಡು ಹೋಗುವ ದೋಣಿಗೆ ಒಂದು ಮಿತಿ ಇದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಬರುವುದು ನಾಟ್ ಲೆಕ್ಕದ ವೇಗ. 24 ಅಡಿಯ ದೋಣಿಯಲ್ಲಿ ನೀರಿಗೆ ತಾಗುವುದು 22 ಅಡಿ ಅಂತಿಟ್ಟುಕೊಳ್ಳಿ. ಸುಮಾರು 6.3 ನಾಟ್ ಬರುತ್ತದೆ, ಗಂಟೆಗೆ ಹತ್ತಿರ ಹತ್ತಿರ 11.6 ಕಿಲೋಮೀಟರ್. ನಮ್ಮ ಸಪೂರ ದೋಣಿಗಳು ಇದಕ್ಕಿಂತ ತುಸು ಜಾಸ್ತಿ ಹೋಗುತ್ತವೆ. ಆದರೆ ಆ ಮಿತಿ ಹತ್ತಿರ ಬಂದ ಹಾಗೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾಗುತ್ತದೆ. 6 ನಾಟ್‌ನಿಂದ 7ಕ್ಕೆ ಏರಿಸಲು ಹತ್ತಿರ ಹತ್ತಿರ 60 ಶೇಕಡ ಜಾಸ್ತಿ ಶಕ್ತಿ ಬೇಕು. ಒಂದೇ ಒಂದು ನಾಟ್‌ಗೆ!

ಎದ್ದು ಜಾರಬೇಕಾದರೆ ತೂಕ ನೋಡಬೇಕು. ಒಂದು ಎಚ್‌ಪಿಗೆ ಸುಮಾರು 20 ಕೆಜಿ ಅಂತ ಒರಟು ಲೆಕ್ಕ. ಖಾಲಿ ದೋಣಿ 600 ಕೆಜಿ, ಬಲೆ 250, ನಾಲ್ಕು ಜನ 280, ಎಣ್ಣೆ ಐಸು ಎಲ್ಲ ಸೇರಿ 100. ಒಟ್ಟು 1,230 ಕೆಜಿ. ಇದು ಎದ್ದು ಓಡಬೇಕಾದರೆ 60 ಎಚ್‌ಪಿ ಬೇಕು. ಮೀನು ಹೇರಿಕೊಂಡು ಬರುವಾಗ ಅದೂ ಸಾಲದು.

ಈಗ 9.9 ಎಚ್‌ಪಿ ಇದ್ದವರು 25 ಹಾಕಿದರೆ ಏನಾಗುತ್ತದೆ ನೋಡಿ. ಸೀಳಿಕೊಂಡು ಹೋಗಲು 9.9 ಸಾಕಿತ್ತು. ಎದ್ದು ಓಡಲು 25 ಸಾಲದು. ನಡುವೆ ಸಿಕ್ಕಿಕೊಂಡಿರಿ. ಹಿಂಬದಿ ತಗ್ಗುತ್ತದೆ, ಮೂತಿ ಮೇಲೇಳುತ್ತದೆ, ಹಿಂದೆ ಗುಡ್ಡದಂಥ ಅಲೆ ಬರುತ್ತದೆ, ಎಣ್ಣೆ ಮುಗಿಯುತ್ತದೆ. ನೋಡುವವರಿಗೆ ಮಾತ್ರ ಭಾರಿ ಜೋರು.

ಹಾಗಂತ 25 ಸುಮ್ನೆ ಅಲ್ಲ. ಅಳಿವೆಯಲ್ಲಿ ಇಳಿತದ ಸೆಳೆತ ಎದುರಿಗೆ ಬಂದಾಗ, ಗಾಳಿಗೆ ಎದುರಾಗಿ ಬಲೆ ಎಳೆಯುವಾಗ ಆ ಹೆಚ್ಚಿನ ಬಲ ಬೇಕಾಗುತ್ತದೆ. ಅದಕ್ಕಾಗಿ ಹಾಕುವುದಾದರೆ ಹಾಕಿ. ಮುಕ್ಕಾಲು ದಾರಿ ಅರ್ಧ ಥ್ರಾಟಲ್‌ನಲ್ಲೇ ಹೋಗುವ ತಾಳ್ಮೆ ಇರಬೇಕು, ಅಷ್ಟೇ.

ನಮ್ಮ ಕಡೆ ಎಲ್ಲರೂ 9.9 ಯಾಕೆ ಹಾಕುತ್ತಾರೆ?

ಕಾನೂನಿನ ಲೆಕ್ಕ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. 10 ಎಚ್‌ಪಿ ಒಳಗಿನ ಇಂಜಿನ್ ಇರುವ ನಾಡದೋಣಿಗೆ ಅದರಿಂದ ವಿನಾಯಿತಿ. ಮಳೆಗಾಲದಲ್ಲಿ ದೊಡ್ಡ ಬೋಟುಗಳು ಕಟ್ಟಿರುವಾಗ ನಾಡದೋಣಿಯ ಮೀನಿಗೆ ಒಳ್ಳೆ ರೇಟು. ಆ ಎರಡು ತಿಂಗಳು ಕಳೆದುಕೊಂಡರೆ ವರ್ಷದ ಲೆಕ್ಕವೇ ತಪ್ಪುತ್ತದೆ. ಹಾಗಾಗಿ 15ಕ್ಕೋ 25ಕ್ಕೋ ಹೋಗುವ ಮುಂಚೆ ನಿಮ್ಮ ಆದಾಯ ಯಾವ ತಿಂಗಳಲ್ಲಿ ಬರುತ್ತದೆ ಅಂತ ಒಂದು ಸಲ ಕೂಡಿಸಿ ಕಳೆದು ನೋಡಿ. ಆ ವರ್ಷದ ಸರ್ಕಾರಿ ಆದೇಶವನ್ನೂ ಓದಿ.

ಶಾಫ್ಟ್ ಶಾರ್ಟ್, ಲಾಂಗ್ ಅಂತಾರಲ್ಲ, ಅದೇನು ಅಷ್ಟು ಮುಖ್ಯವಾ?

ಶಾಫ್ಟ್ ಅಂದರೆ ಇಂಜಿನಿನಿಂದ ಕೆಳಗೆ ಫ್ಯಾನಿನವರೆಗೆ (ನೀರು ತಳ್ಳುವ ಪ್ರೊಪೆಲ್ಲರ್) ಇಳಿಯುವ ಕಾಲು. ಇದರಲ್ಲಿ ನಾನೇ ಏಟು ತಿಂದವನು, ಕೇಳಿ.

ಕೆಲಸ ಕಲಿತ ಹೊಸತು. ಚಿಕ್ಕಪ್ಪನ ದೋಣಿಗೆ ಒಂದು ಇಂಜಿನ್ ನಾನೇ ಆರಿಸಿ ತಂದೆ. ರೇಟು ಚೆನ್ನಾಗಿತ್ತು. ಮಾರಿದವರು "ಎಲ್ಲ ಒಂದೇ, ಕೂತ್ಕೊಳ್ಳತ್ತೆ" ಅಂದರು. ಕೂತಿತು ಕೂಡ. ಹೊಳೆಯಲ್ಲಿ ಎರಡು ದಿನ ಚೆಂದ ಓಡಿತು. ಮೂರನೇ ದಿನ ಅಳಿವೆ ದಾಟುವಾಗ ಎರಡನೇ ಅಲೆಗೆ ಹಿಂಬದಿ ಎದ್ದಿತು, ಫ್ಯಾನ್ ಗಾಳಿಗೆ ಬಂತು, ಇಂಜಿನ್ ಒಂದೇ ಸಮ ಕಿರುಚಿತು. ದೋಣಿ ಮುಂದೆ ಹೋಗುತ್ತಿಲ್ಲ. ಮೂರನೇ ಅಲೆ ಬರುವ ಹೊತ್ತಿಗೆ ನಾವು ಅಡ್ಡ ತಿರುಗಿದ್ದೆವು. ಚಿಕ್ಕಪ್ಪ ಒಂದು ಮಾತೂ ಆಡದೆ ಹುಟ್ಟು ತೆಗೆದುಕೊಂಡು ಮೂತಿ ತಿರುಗಿಸಿದರು. ದಡಕ್ಕೆ ಬಂದ ಮೇಲೆ ಟೇಪ್ ಹಿಡಿದು ಅಳೆದೆ. ಹಲಗೆ 20 ಇಂಚು, ನಾನು ತಂದ ಇಂಜಿನ್ 15 ಇಂಚಿಂದು. ಚಿಕ್ಕಪ್ಪ ಆಗಲೂ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಉರಿ.

ಶಾರ್ಟ್ ಶಾಫ್ಟ್ 15 ಇಂಚು, ಲಾಂಗ್ 20, ಎಕ್ಸ್‌ಟ್ರಾ ಲಾಂಗ್ 25. ಇಂಜಿನ್ ಕೂರುವ ಜಾಗದ ಮೇಲಂಚಿನಿಂದ ಕೆಳಗೆ ದೋಣಿಯ ತಳದವರೆಗೆ, ನಡು ಮಧ್ಯದಲ್ಲಿ, ಹಲಗೆಯ ಓರೆಗೆ ಟೇಪ್ ತಾಗಿಸಿ ಅಳೆಯಿರಿ. ಕೂರಿಸಿದ ಮೇಲೆ ಫ್ಯಾನಿನ ಮೇಲಿರುವ ಅಗಲವಾದ ತಟ್ಟೆ ದೋಣಿಯ ತಳಕ್ಕೆ ಸಮ ಇರಬೇಕು, ಇಲ್ಲವೇ ಒಂದು ಇಂಚು ಕೆಳಗಿರಬೇಕು. ಅದಕ್ಕಿಂತ ಮೇಲಿದ್ದರೆ ಫ್ಯಾನ್ ಗಾಳಿ ಕುಡಿಯುತ್ತದೆ. ತುಂಬ ಕೆಳಗಿದ್ದರೆ ಸುಮ್ನೆ ನೀರು ಎಳೆದುಕೊಂಡು ಹೋಗುತ್ತೀರಿ, ಮರಳು ದಿಬ್ಬಕ್ಕೂ ಬೇಗ ತಾಗುತ್ತದೆ.

ಶಾರ್ಟ್ ಶಾಫ್ಟ್ ಇಂಜಿನ್ ಕೂರಿಸಲು ಹಲಗೆಯನ್ನೇ ಕೊಯ್ದು ತಗ್ಗಿಸುವವರಿದ್ದಾರೆ. ಹಾಗೆ ಮಾಡಬೇಡಿ. ಆ ಐದು ಇಂಚು ಇರುವುದು ಹಿಂದಿನ ಅಲೆ ದೋಣಿಯೊಳಗೆ ಬಾರದ ಹಾಗೆ ತಡೆಯಲು.

ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ?

ದಕ್ಕೆಯಲ್ಲಿ ಅತಿ ಹೆಚ್ಚು ಜಗಳ ನಡೆಯುವುದು ಇದರ ಮೇಲೆ.

ಟೂ ಸ್ಟ್ರೋಕ್ ಹಗುರ, ಬಿಚ್ಚಿ ಜೋಡಿಸುವುದು ಸುಲಭ, ಹಿಡಿದ ತಕ್ಷಣ ಎಳೆಯುತ್ತದೆ. ದೋಣಿ ಮಗುಚಿ ಇಂಜಿನ್ ನೀರು ಕುಡಿದರೂ ಅವತ್ತೇ ಸಿಹಿನೀರಲ್ಲಿ ತೊಳೆದು, ಪ್ಲಗ್ ತೆಗೆದು ನೀರು ಹೊಡೆಸಿ, ಆಯಿಲ್ ಬಿಟ್ಟು ಎಬ್ಬಿಸಬಹುದು. ಆದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಹೊಗೆ ಬಿಡುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಸಾಮಾನ್ಯವಾಗಿ 50ಕ್ಕೆ 1. ಬೈಕಿನ ಟೂಟಿ ಆಯಿಲ್ ಹಾಕಬೇಡಿ, ಅದು ಗಾಳಿಯಿಂದ ತಣಿಯುವ ಇಂಜಿನಿಗೆ ಮಾಡಿದ್ದು. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರಬೇಕು.

ಫೋರ್ ಸ್ಟ್ರೋಕ್ ಸದ್ದಿಲ್ಲ, ಹೊಗೆಯಿಲ್ಲ, ಪೆಟ್ರೋಲ್ ಕಮ್ಮಿ. ಎಷ್ಟು ಕಮ್ಮಿ? 9.9ರ ಫೋರ್ ಸ್ಟ್ರೋಕ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಮೂರೂವರೆಯಿಂದ ನಾಲ್ಕು ಲೀಟರ್. ಹಳೆ ಕಾರ್ಬ್ಯುರೇಟರ್ ಟೂ ಸ್ಟ್ರೋಕ್ ಅದರ ಒಂದೂವರೆ ಪಟ್ಟು. ಮುಕ್ಕಾಲು ಥ್ರಾಟಲ್‌ನಲ್ಲಿ ಎರಡರ ನಡುವೆ ಗಂಟೆಗೆ ಒಂದೂಕಾಲು ಲೀಟರ್ ವ್ಯತ್ಯಾಸ ಅಂತಿಟ್ಟುಕೊಳ್ಳಿ. ದಿನಕ್ಕೆ 3 ಗಂಟೆ, ವರ್ಷಕ್ಕೆ 150 ದಿನ ಓಡಿಸಿದರೆ 560 ಲೀಟರ್ ಉಳಿತಾಯ. ಲೀಟರಿಗೆ ಬರೀ ನೂರು ರೂಪಾಯಿ ಹಿಡಿದರೂ 56,000 ರೂಪಾಯಿ. ದಿನಾ ಕಡಲಿಗೆ ಹೋಗುವವರಿಗೆ ಮೊದಲಿನ ಹೆಚ್ಚುವರಿ ದುಡ್ಡು ಬೇಗ ವಾಪಸ್. ತಿಂಗಳಿಗೆ ಎರಡು ಸಲ ಗಾಳ ಹಾಕಲು ಹೋಗುವವರಿಗೆ ಈ ಲೆಕ್ಕ ಗಿಟ್ಟುವುದಿಲ್ಲ.

ತೂಕ ಮರೆಯಬೇಡಿ. 9.9ರಲ್ಲಿ ಟೂ ಸ್ಟ್ರೋಕ್ ಸುಮಾರು 35 ಕೆಜಿ, ಫೋರ್ ಸ್ಟ್ರೋಕ್ 40ರಿಂದ 45. ಅಷ್ಟೇನಲ್ಲ. 40 ಎಚ್‌ಪಿಗೆ ಬಂದರೆ 70–80 ಇದ್ದದ್ದು 95ರಿಂದ 110 ಆಗುತ್ತದೆ. ಹಳೆ ದೋಣಿಯ ಹಿಂಬದಿಗೆ ಹತ್ತಿರ ಹತ್ತಿರ ಅರ್ಧ ಸಿಮೆಂಟ್ ಚೀಲದಷ್ಟು ಭಾರ ಏರಿಸಿದ ಹಾಗೆ. ಕೊಳ್ಳುವ ಮುಂಚೆ ಹಿಂಬದಿಯಲ್ಲಿ ಅಷ್ಟೇ ತೂಕದ ಮರಳು ಚೀಲ ಇಟ್ಟು ನೋಡಿ. ನೀರು ಹೋಗುವ ತೂತು ಮುಳುಗಿದರೆ ಆ ಇಂಜಿನ್ ನಿಮ್ಮ ದೋಣಿಗಲ್ಲ.

ಇನ್ನೊಂದು. ದಿನಾ ಇಂಜಿನ್ ಬಿಚ್ಚಿ ಮನೆಗೆ ಹೊರುವವರೇ, ಫೋರ್ ಸ್ಟ್ರೋಕನ್ನು ಬೇಕಾದ ಮಗ್ಗುಲಿಗೆ ಮಲಗಿಸುವ ಹಾಗಿಲ್ಲ. ಯಾವ ಮಗ್ಗುಲು ಅಂತ ಅದರ ಮೇಲೇ ಗುರುತು ಅಥವಾ ಪುಸ್ತಕದಲ್ಲಿ ಚಿತ್ರ ಇರುತ್ತದೆ. ತಪ್ಪು ಮಗ್ಗುಲಿಗೆ ಮಲಗಿಸಿದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ, ಬೆಳಿಗ್ಗೆ ಹಗ್ಗ ಎಳೆದರೆ ಅಲ್ಲಾಡುವುದಿಲ್ಲ.

ನನ್ನನ್ನು ಕೇಳಿದರೆ, ದಿನದ ದುಡಿಮೆಯವರಿಗೆ ಫೋರ್ ಸ್ಟ್ರೋಕ್. ಹಲಗೆ ಗಟ್ಟಿ ಇದ್ದರೆ ಮಾತ್ರ.

ಈಗಿರುವುದು ಸೀಮೆಎಣ್ಣೆ ಇಂಜಿನ್. ಹೊಸದೂ ಅದನ್ನೇ ಹಾಕಲಾ?

ಬೇಡ ಅನ್ನುವುದು ನನ್ನ ಅಭಿಪ್ರಾಯ. ಸೀಮೆಎಣ್ಣೆ ಇಂಜಿನ್ ಒಂದು ಕಾಲಕ್ಕೆ ನಮ್ಮವರ ಹೊಟ್ಟೆ ಹೊರೆದದ್ದು ಹೌದು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತರುವುದು ಕೈಗೆ ಅಭ್ಯಾಸವಾಗಿ ಹೋಗಿದೆ. ಆದರೆ ಸಬ್ಸಿಡಿ ಸೀಮೆಎಣ್ಣೆ ಯಾವ ತಿಂಗಳು ಬರುತ್ತದೆ, ಎಷ್ಟು ಬರುತ್ತದೆ ಅಂತ ಕಾದು ಕೂತು ದುಡಿಯುವುದು ಕಷ್ಟ. ಸಿಗದ ತಿಂಗಳು ಹೊರಗಿನ ರೇಟಿಗೆ ಕೊಂಡರೆ ಉಳಿತಾಯ ಎಲ್ಲಿ ಬಂತು?

2023–24ರ ರಾಜ್ಯ ಬಜೆಟ್‌ನಲ್ಲಿ ಸೀಮೆಎಣ್ಣೆ ಇಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಇಂಜಿನ್ ಹಾಕಿಸುವವರಿಗೆ ತಲಾ 50,000 ರೂಪಾಯಿ ಸಹಾಯಧನ ಘೋಷಣೆ ಆಗಿತ್ತು. ನಿಮ್ಮ ತಾಲ್ಲೂಕಿನಲ್ಲಿ ಈಗ ಅನುದಾನ ಇದೆಯಾ ಅಂತ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಬಿಲ್ ಮಾಡಿಸಿದ ಮೇಲೆ ಅಲ್ಲ, ಮುಂಚೆ.

ಒಂದು ಎಚ್ಚರಿಕೆ. ಪೆಟ್ರೋಲ್ ಇಂಜಿನ್ ತಂದು ಅದಕ್ಕೆ ಕದ್ದು ಸೀಮೆಎಣ್ಣೆ ಬೆರೆಸುವವರಿದ್ದಾರೆ. ಪೆಟ್ರೋಲ್ ಇಂಜಿನಿನ ಕಂಪ್ರೆಷನ್ ಜಾಸ್ತಿ, ಸೀಮೆಎಣ್ಣೆ ಅದನ್ನು ತಡೆಯುವುದಿಲ್ಲ. ಒಳಗೆ ಟಣಟಣ ಬಡಿತ ಶುರುವಾಗುತ್ತದೆ. ಸ್ವಲ್ಪ ದಿನಕ್ಕೆ ಪಿಸ್ಟನ್ ತಲೆ ತೂತಾಗಿ ನನ್ನ ಶೆಡ್ಡಿಗೆ ಬರುತ್ತದೆ.

ಈಗ ಪೆಟ್ರೋಲಲ್ಲಿ ಎಥನಾಲ್ ಇದೆಯಂತೆ. ದೋಣಿ ಇಂಜಿನಿಗೆ ತೊಂದರೆಯಾ?

ತೊಂದರೆ ಇದೆ. ಬಂಕಿನಲ್ಲಿ ಈಗ ಸಿಗುವುದು ಇ20, ಅಂದರೆ ನೂರರಲ್ಲಿ 20 ಪಾಲು ಎಥನಾಲ್. ಹೆಚ್ಚಿನ ಔಟ್‌ಬೋರ್ಡ್ ಕಂಪನಿಗಳ ಪುಸ್ತಕದಲ್ಲಿ 10 ಶೇಕಡದವರೆಗೆ ಮಾತ್ರ ಅಂತ ಬರೆದಿರುತ್ತದೆ. ಹೊಸದು ಕೊಳ್ಳುವಾಗ ಇ20 ನಡೆಯುತ್ತದಾ ಅಂತ ಕೇಳಿ, ಬಾಯಲ್ಲಿ ಬೇಡ, ಪುಸ್ತಕದಲ್ಲಿ ತೋರಿಸಲಿ.

ಎಥನಾಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಜುಲೈ ಗಾಳಿ ಗೊತ್ತಲ್ಲ, ಉಪ್ಪಿನ ಡಬ್ಬಿಯೇ ನೀರಾಗುತ್ತದೆ. ಟ್ಯಾಂಕಿನಲ್ಲಿ ವಾರಗಟ್ಟಲೆ ಇಟ್ಟ ಪೆಟ್ರೋಲ್‌ನಲ್ಲಿ ನೀರು ಜಾಸ್ತಿಯಾದರೆ ನೀರೂ ಎಥನಾಲೂ ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಪೈಪು ಎಳೆಯುವುದು ತಳದಿಂದಲೇ. ಹಳೆ ರಬ್ಬರ್ ಪೈಪು, ಪಂಪ್ ಮಾಡುವ ಬಲ್ಬು ಕೂಡ ಒಳಗಿಂದ ಮೆತ್ತಗಾಗಿ ಚೂರು ಚೂರಾಗಿ ಜೆಟ್ಟಿಗೆ ಹೋಗುತ್ತವೆ.

ಹಾಗಾಗಿ ಹೊಸ ಇಂಜಿನಿಗೆ ಹಳೆ ಟ್ಯಾಂಕು, ಹಳೆ ಪೈಪು ಜೋಡಿಸಬೇಡಿ. ನೀರು ಬೇರೆ ಮಾಡುವ 10 ಮೈಕ್ರಾನಿನ ಫಿಲ್ಟರ್ ಒಂದು ಹಾಕಿಸಿ. ಬೇಕಾದಷ್ಟೇ ಪೆಟ್ರೋಲ್ ತನ್ನಿ.

ಹಳೆ ಫ್ಯಾನನ್ನೇ ಹೊಸ ಇಂಜಿನಿಗೆ ಹಾಕಬಹುದಾ?

ಹೊಂದುವ ಸಾಧ್ಯತೆ ಕಮ್ಮಿ. ಹೊಂದಿದರೂ ಆರ್‌ಪಿಎಂ ನೋಡದೆ ಹಾಕಬೇಡಿ. ಪ್ರತಿ ಇಂಜಿನಿಗೂ ಪೂರ್ತಿ ಥ್ರಾಟಲ್‌ನಲ್ಲಿ ಇಷ್ಟರಿಂದ ಇಷ್ಟು ತಿರುಗಬೇಕು ಅಂತ ಪುಸ್ತಕದಲ್ಲಿ ಇರುತ್ತದೆ, ಫೋರ್ ಸ್ಟ್ರೋಕಿಗೆ ಹೆಚ್ಚಾಗಿ 5,000ದಿಂದ 6,000. ದೋಣಿಗೆ ದಿನಾ ಹೇರುವಷ್ಟು ಭಾರ ಹೇರಿ, ಟ್ಯಾಕೋಮೀಟರ್ ಇಟ್ಟು ಓಡಿಸಿ. 4,400ಕ್ಕೇ ನಿಂತರೆ ಫ್ಯಾನಿನ ಪಿಚ್ (ಒಂದು ಸುತ್ತಿಗೆ ಫ್ಯಾನ್ ಮುಂದೆ ಹೋಗಬೇಕಾದ ದೂರ) ಜಾಸ್ತಿಯಾಯಿತು, ಗಾಡಿಯನ್ನು ಟಾಪ್ ಗೇರಲ್ಲಿ ಗುಡ್ಡ ಹತ್ತಿಸಿದ ಹಾಗೆ. ಪಿಚ್ ಒಂದು ಇಂಚು ಕಮ್ಮಿ ಮಾಡಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. ಭಾರ ಹೊರುವ ದೋಣಿಗೆ ಯಾವತ್ತೂ ಕಮ್ಮಿ ಪಿಚ್ಚೇ ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಏನು ನೋಡಬೇಕು?

ತಣ್ಣಗಿರುವ ಇಂಜಿನ್ ನೋಡಲು ಹೋಗಿ. ನೀವು ಹೋಗುವ ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಡಲು ಅಂತ ಅನುಮಾನಪಡಿ.

ಗೇರ್ ಬಾಕ್ಸಿನ ಕೆಳಗಿನ ಸ್ಕ್ರೂ ತುಸು ಸಡಿಲ ಮಾಡಿ ಒಂದು ಹನಿ ಎಣ್ಣೆ ಬೆರಳಿಗೆ ತೆಗೆದುಕೊಳ್ಳಿ. ಹಾಲು ಕಾಫಿ ಬಣ್ಣ ಇದ್ದರೆ ಸೀಲ್ ಹೋಗಿ ನೀರು ಒಳಗಿದೆ. ಬೆರಳಿಗೆ ಮರಳಿನ ಹಾಗೆ ಲೋಹದ ಪುಡಿ ತಾಗಿದರೆ ಗೇರೇ ಹೋಗಿದೆ, ನಮಸ್ಕಾರ ಹೇಳಿ ಬನ್ನಿ. ಸ್ಟಾರ್ಟ್ ಮಾಡಿದ ಮೇಲೆ ಪಕ್ಕದ ತೂತಿನಿಂದ ನೀರು ನೇರ ಗೆರೆಯಾಗಿ ಚಿಮ್ಮಬೇಕು, ತೊಟ್ಟಿಕ್ಕಬಾರದು. ಮೇಲಿನ ಮುಚ್ಚಳ ತೆಗೆದು ಮೂಸಿ ನೋಡಿ, ಒಂದು ಸಲ ಚೆನ್ನಾಗಿ ಕಾದ ಇಂಜಿನಿನ ಸಿಲಿಂಡರ್ ಪಕ್ಕ ಬಣ್ಣ ಬೆಂದು ಗುಳ್ಳೆ ಎದ್ದಿರುತ್ತದೆ. ಹೊಸ ಬಣ್ಣ ಹೊಳೆಯುತ್ತಿದ್ದರೆ ಇನ್ನೂ ಜಾಸ್ತಿ ಹುಷಾರು.

ಸೀರಿಯಲ್ ನಂಬರಿನ ತಗಡು ಕಿತ್ತಿದ್ದರೆ, ಬಿಲ್ ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಕದ್ದ ಮಾಲು ಆಗಿರಬಹುದು. ಆಗಿಲ್ಲದಿದ್ದರೂ ನೋಂದಣಿಗೆ ಸೇರಿಸಲು ಆಗುವುದಿಲ್ಲ.

ನಮ್ಮದು ಒಳಗೆ ಡೀಸೆಲ್ ಇಂಜಿನ್ ಇರುವ ದೋಣಿ. ಲಾರಿ ಇಂಜಿನ್ ಹಾಕಿಸಬಹುದಾ?

ಹಾಕಿದವರಿದ್ದಾರೆ, ಓಡಿಸುತ್ತಲೂ ಇದ್ದಾರೆ. ಆದರೆ ಇಂಜಿನ್ ಮಾತ್ರ ಬದಲಾದರೆ ಕೆಲಸ ಮುಗಿಯುವುದಿಲ್ಲ. ಲಾರಿಯ ರೇಡಿಯೇಟರ್ ಇಲ್ಲಿ ನಡೆಯುವುದಿಲ್ಲ, ಸಮುದ್ರದ ನೀರಿನಿಂದ ತಣಿಸುವ ಹೀಟ್ ಎಕ್ಸ್‌ಚೇಂಜರ್ ಅಥವಾ ತಳದ ಪೈಪಿನ ವ್ಯವಸ್ಥೆ ಬೇಕು. ಎಗ್ಸಾಸ್ಟ್ ಬಿಸಿಗೆ ಸುತ್ತು ಕಟ್ಟಬೇಕು. ಹೊಸ ಇಂಜಿನಿನ ಆರ್‌ಪಿಎಂ ಬೇರೆ, ಹಾಗಾಗಿ ಗೇರ್ ಬಾಕ್ಸಿನ ರೇಷಿಯೋ, ಶಾಫ್ಟಿನ ದಪ್ಪ, ಫ್ಯಾನ್ ಎಲ್ಲ ಮತ್ತೆ ಲೆಕ್ಕ ಹಾಕಬೇಕು. ಶಾಫ್ಟ್ ಯಾವ ಕಡೆ ತಿರುಗುತ್ತದೆ ಅನ್ನುವುದನ್ನೂ.

ಎಲ್ಲಕ್ಕಿಂತ ಜಾಸ್ತಿ ತಪ್ಪುವುದು ಅಲೈನ್‌ಮೆಂಟ್, ಅಂದರೆ ಇಂಜಿನ್ ಮತ್ತು ಶಾಫ್ಟ್ ಒಂದೇ ಗೆರೆಯಲ್ಲಿ ಕೂರುವುದು. ಗೇರ್ ಬಾಕ್ಸಿನ ತಟ್ಟೆ, ಶಾಫ್ಟಿನ ತಟ್ಟೆ ಎರಡನ್ನೂ ಹತ್ತಿರ ತಂದು ಸುತ್ತಲೂ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡುತ್ತೇವೆ. ನಾಲ್ಕು ಇಂಚಿನ ತಟ್ಟೆಯಲ್ಲಿ ಒಂದು ಬದಿಗೂ ಇನ್ನೊಂದು ಬದಿಗೂ 0.1 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು, ಕಾಗದದ ಹಾಳೆಯಷ್ಟು. ಇದನ್ನು ದೋಣಿ ನೀರಿಗೆ ಇಳಿದ ಮೇಲೆ ಮತ್ತೊಮ್ಮೆ ನೋಡಬೇಕು. ದಡದಲ್ಲಿ ಕಟ್ಟೆಯ ಮೇಲೆ ಕೂತ ದೋಣಿಯ ಆಕಾರವೇ ಬೇರೆ, ತೇಲುವಾಗಿನದ್ದೇ ಬೇರೆ.

ಬ್ಯಾಟರಿ ಇಂಜಿನ್ ಹೇಗೆ?

ಕೆರೆ, ಹಿನ್ನೀರಿನಲ್ಲಿ ನಿಧಾನವಾಗಿ ಸುತ್ತಿಸುವವರಿಗೆ ಚೆಂದ. ಕಡಲಿಗೆ ಸದ್ಯಕ್ಕೆ ಬೇಡ. 9.9 ಎಚ್‌ಪಿ ಅಂದರೆ ಸುಮಾರು 7.4 ಕಿಲೋವ್ಯಾಟ್. ಎರಡು ಗಂಟೆ ಪೂರ್ತಿ ಓಡಿಸಲು 15 ಯೂನಿಟ್ ಕರೆಂಟು ತುಂಬಿದ ಬ್ಯಾಟರಿ ಬೇಕು. ಅದರ ಬೆಲೆ, ತೂಕ ಎರಡೂ ಇಂಜಿನನ್ನು ಮೀರಿಸುತ್ತವೆ.

ಕಾಗದಪತ್ರ ಏನಾದರೂ ಬದಲಾಯಿಸಬೇಕಾ?

ಬೇಕು. ಮೀನುಗಾರಿಕೆ ದೋಣಿಯ ನೋಂದಣಿಯಲ್ಲಿ ಇಂಜಿನ್ ವಿವರವೂ ಇರುತ್ತದೆ. ಹೊಸ ಇಂಜಿನಿನ ಬಿಲ್ಲು, ನಂಬರು ತೆಗೆದುಕೊಂಡು ಇಲಾಖೆಯಲ್ಲಿ ತಿದ್ದುಪಡಿ ಮಾಡಿಸಿ. ವಿಮೆ ಇದ್ದರೆ ಅಲ್ಲಿಗೂ ಬರೆದು ಕೊಡಿ. ಹೊಳೆ, ಹಿನ್ನೀರಿನಲ್ಲಿ ಜನ ಸಾಗಿಸುವ ದೋಣಿಗಳಿಗೆ 2021ರ ಒಳನಾಡು ಜಲಯಾನ ಕಾಯ್ದೆ ಬರುತ್ತದೆ, ಅವರ ದಾರಿ ಬೇರೆ.

ಇಂಜಿನ್ ನಾನೇ ಕೂರಿಸಿಕೊಳ್ಳಬಹುದಾ?

9.9 ಆದರೆ ಧಾರಾಳವಾಗಿ. ಕ್ಲ್ಯಾಂಪ್ ಬಿಗಿ ಮಾಡಿದರೆ ಸಾಲದು, ಬೋಲ್ಟ್ ಹಾಕಿ, ಮೇಲೊಂದು ಗಟ್ಟಿ ಹಗ್ಗವೋ ಸರಪಳಿಯೋ ದೋಣಿಗೆ ಕಟ್ಟಿ. ಬೋಲ್ಟು, ವಾಷರು ಸ್ಟೇನ್‌ಲೆಸ್ 316 ಆಗಿರಲಿ. ಹಳೆ ತೂತು ಹೊಸದಕ್ಕೆ ಹೊಂದದಿದ್ದರೆ ಎಪಾಕ್ಸಿ ತುಂಬಿಸಿ ಮುಚ್ಚಿ, ಗಟ್ಟಿಯಾದ ಮೇಲೆ ಹೊಸ ತೂತು ಕೊರೆಯಿರಿ. ತೂತಿನ ಒಳಮೈಗೂ ಎಪಾಕ್ಸಿ ಹಚ್ಚಿ. ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಬೇಡ, ಮರೀನ್ ಸೀಲೆಂಟ್ ಬೇಕು. ಆ ಹಲಗೆ ಕೊಳೆತದ್ದೇ ಈ ತೂತುಗಳಿಂದ, ನೆನಪಿರಲಿ.

ಸ್ಟೀರಿಂಗ್, ಕೇಬಲ್ ಇರುವ ದೊಡ್ಡ ಇಂಜಿನ್ ಆದರೆ ತಿಳಿದವರಿಂದಲೇ ಹಾಕಿಸಿ. ವಾರಂಟಿಯ ವಿಷಯವೂ ಇದೆ.

ಹೊಸ ಇಂಜಿನನ್ನು ಮೊದಲ ದಿನಗಳಲ್ಲಿ ಹೇಗೆ ಓಡಿಸಬೇಕು?

ಮೊದಲ 10 ಗಂಟೆ ಪೂರ್ತಿ ಥ್ರಾಟಲ್ ಹಿಡಿದುಕೊಂಡೇ ಹೋಗಬೇಡಿ, ಒಂದೇ ವೇಗದಲ್ಲೂ ಬೇಡ. ಟೂ ಸ್ಟ್ರೋಕಿಗೆ ಆ ಹೊತ್ತಿನಲ್ಲಿ ಆಯಿಲ್ ದುಪ್ಪಟ್ಟು, 25ಕ್ಕೆ 1. ಫೋರ್ ಸ್ಟ್ರೋಕಿಗೆ 20 ಗಂಟೆಯೊಳಗೆ ಮೊದಲ ಆಯಿಲ್ ಬದಲಾವಣೆ, ಆಮೇಲೆ ಪ್ರತಿ 100 ಗಂಟೆಗೆ. ಕಡಲಿಂದ ಬಂದ ದಿನ ಸಿಹಿನೀರಲ್ಲಿ ಹತ್ತು ನಿಮಿಷ ಓಡಿಸಿ ಒಳಗೆ ತೊಳೆಯಿರಿ. ಅರ್ಧ ಕೊಯ್ದ ನೀಲಿ ಡ್ರಮ್ಮು ಸಾಕು. ಸತುವಿನ ಆನೋಡ್ ಅರ್ಧ ಸವೆದಾಗ ಬದಲಾಯಿಸಿ, ಅದಕ್ಕೆ ಬಣ್ಣ ಮಾತ್ರ ಬಳಿಯಬೇಡಿ. ಬಳಿದರೆ ಅದು ಸವೆಯುವುದಿಲ್ಲ, ಬದಲಿಗೆ ಇಂಜಿನ್ ಸವೆಯುತ್ತದೆ.

ಹಳೆ ಇಂಜಿನ್ ಏನು ಮಾಡಲಿ? ಗುಜರಿಗೆ ಹಾಕಲಾ?

ಅದೇ ಮಾದರಿಯ ಇಂಜಿನ್ ಊರಲ್ಲಿ ಇನ್ನೂ ಹತ್ತು ದೋಣಿಗಳಲ್ಲಿ ಇದ್ದರೆ ಗುಜರಿಗೆ ಯಾಕೆ? ಕೆಳಗಿನ ಗೇರ್ ಬಾಕ್ಸು, ಸ್ಟಾರ್ಟರ್, ಕಾಯಿಲ್, ಕಾರ್ಬ್ಯುರೇಟರ್ ಬಿಡಿ ಬಿಡಿಯಾಗಿ ಮಾರಿದರೆ ತೂಕಕ್ಕಿಂತ ಜಾಸ್ತಿ ಬರುತ್ತದೆ. ಚಿಕ್ಕಪ್ಪನಿಗೆ ತಂದುಕೊಟ್ಟ ಆ 15 ಇಂಚಿನ ಇಂಜಿನ್ ಇನ್ನೂ ನಮ್ಮ ಶೆಡ್ಡಿನ ಮೂಲೆಯ ಸ್ಟ್ಯಾಂಡಿನಲ್ಲಿದೆ. ಒಂದೊಂದೇ ಭಾಗ ಬೇರೆಯವರ ದೋಣಿಗೆ ಹೋಗಿ ಈಗ ಉಳಿದಿರುವುದು ಬ್ಲಾಕು ಮತ್ತು ಶಾಫ್ಟು. ಶಾರ್ಟ್ ಅಂದರೆ ಎಷ್ಟು ಅಂತ ಕೇಳುವವರಿಗೆ ಟೇಪ್ ಹಿಡಿದು ಅದನ್ನೇ ತೋರಿಸುತ್ತೇನೆ.